ಜೆಆರ್‌ಎಫ್ ಬಂದ ಮೇಲೂ ನಾನು ಪಿಎಚ್‌ಡಿಗೆ ಸೇರಲಿಲ್ಲ

ಒಂದು ಲೀಟರ್ ನೀರು, 100 ಗ್ರಾಂ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್. ಕೊನೆಗೆ 7.5 ಮಿಲಿ ಪ್ರೊಪಿಯಾನಿಕ್ ಆಸಿಡ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿಗೆ ಸೇರಿದಾಗ ಮೊದಲು ಕಲಿತ ಅಡುಗೆ ಇದು. ತಿನ್ನುವವರು ನಾವಲ್ಲ, ಡ್ರೊಸೊಫಿಲಾ ನೊಣಗಳು. ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುತ್ತವಲ್ಲ, ಆ ಪುಟ್ಟ ನೊಣಗಳೇ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ತುಪ್ಪ, ಗೋಡಂಬಿ ಹಾಕಿದ್ರೆ ಸಜ್ಜಿಗೇನೇ ಆಯ್ತಲ್ಲೇ" ಎಂದಳು. ಆಸಿಡ್ ವಿಷಯ ನಾನು ಎತ್ತಲಿಲ್ಲ.

ಪಿಎಚ್‌ಡಿ ಮಾಡಲೆಂದು ತಿಂಗಳು ತಿಂಗಳು ದುಡ್ಡು ಕೊಡುವ ಫೆಲೋಶಿಪ್ಪೇ ಜೆಆರ್‌ಎಫ್. ಅದು ಸಿಕ್ಕಿದ ಮೇಲೂ ಪಿಎಚ್‌ಡಿ ಯಾಕೆ ಮಾಡಲಿಲ್ಲ ಎಂದು ಇವತ್ತಿಗೂ ಕೇಳುತ್ತಾರೆ. ಮದುವೆ ಮನೆಯಲ್ಲಿ ಕೇಳಿದವರಿಗೆ "ಸುಮ್ನೆ, ಬೇಡ ಅನ್ನಿಸಿತು" ಎಂದು ಮುಗಿಸುತ್ತೇನೆ. ನಿಜವಾದ ಉತ್ತರಕ್ಕೆ ಈ ನೊಣದ ಅಡುಗೆಯಿಂದಲೇ ಶುರು ಮಾಡಬೇಕು. ಅಷ್ಟು ಹೊತ್ತು ಪಂಕ್ತಿಯಲ್ಲಿ ಯಾರು ಕೂರುತ್ತಾರೆ?

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಮ್ಮ ಬೀದಿಯವರ ಪ್ರಕಾರ ಜೀವಶಾಸ್ತ್ರ ಓದಿದವರು ಮೂರೇ ಆಗಬಹುದು: ಡಾಕ್ಟರ್, ನರ್ಸ್, ಇಲ್ಲಾಂದ್ರೆ ಮೇಷ್ಟ್ರು. ನೀಟ್‌ನಲ್ಲಿ ನನ್ನ ಅಂಕ ಮೊದಲನೆಯದಕ್ಕೆ ಎಟುಕಲಿಲ್ಲ. ಬಿಎಸ್ಸಿ ಸೇರಿದೆ. ಕೊನೆಯ ವರ್ಷ ಕಾಲೇಜಿನ ಲೆಕ್ಚರರ್ ಒಬ್ಬರು ಇಂಟಿಗ್ರೇಟೆಡ್ ಪಿಎಚ್‌ಡಿ ಎಂಬುದೊಂದು ಇದೆ ಎಂದರು. ಬಿಎಸ್ಸಿ ಆದವರು ನೇರ ಸೇರಬಹುದು. ಮಾಸ್ಟರ್ಸ್, ಡಾಕ್ಟರೇಟ್ ಎರಡೂ ಒಂದೇ ಕಡೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಇದೆ, ಅದಕ್ಕೆ ಜ್ಯಾಮ್ ಪರೀಕ್ಷೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಲ್ಲೂ ಇದೆ, ಅದಕ್ಕೆ ಜೆಜಿಇಇಬಿಲ್ಸ್ ಎಂಬ ನಾಲಿಗೆ ಹೊರಳದ ಪರೀಕ್ಷೆ. ತಿಂಗಳು ತಿಂಗಳು ಅವರೇ ದುಡ್ಡು ಕೊಡುತ್ತಾರೆ ಎಂದಾಗ ನಾನು ನಂಬಲಿಲ್ಲ. ಓದುವುದಕ್ಕೆ ನಾವು ಕಟ್ಟಬೇಕು, ಅವರು ಕೊಡುವುದೆಂದರೇನು?

2019ರಲ್ಲಿ ಒಂದು ಸಂಸ್ಥೆಯಿಂದ ಇಂಟರ್‌ವ್ಯೂಗೆ ಕರೆ ಬಂತು. ಅಪ್ಪನೂ ಜೊತೆಗೆ ಬಂದರು. ಒಳಗೆ ನಾಲ್ಕು ಜನ, ಒಂದು ಬೋರ್ಡು, ಒಂದು ಮಾರ್ಕರ್. ಒಬ್ಬರು "ಎರಡೂ ಕೈ ಮುಂದೆ ಚಾಚಮ್ಮ" ಎಂದರು. ಚಾಚಿದೆ.

"ಒಂದೇ ಉದ್ದ ಇದೆಯಾ?"

"ಇದೆ ಸರ್."

"ಎಡಗೈ ಬೆಳೆಯುವಾಗ ಬಲಗೈ ಎಷ್ಟು ಬೆಳೆದಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಗ್ರೋತ್ ಹಾರ್ಮೋನ್ ಎಂದೆ. "ಅದು ರಕ್ತದಲ್ಲಿ ಎರಡೂ ಕಡೆ ಹೋಗುತ್ತೆ. ಒಂದು ಹಿಂದೆ ಬಿದ್ದರೆ ಸರಿ ಮಾಡೋದು ಯಾರು?" ಎಂದರು. ನನಗೆ ತೋಚಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಲೆ ಬೇರೆ ಕಡೆ ಓಡುತ್ತಿತ್ತು. ಕೈ ಅಳೆಯುವುದು ಎಲ್ಲಿಂದ ಎಲ್ಲಿಗೆ? ಟೇಪಿನಲ್ಲಿ ಅಳೆದರೆ ಮಿಲಿಮೀಟರ್ ಸಿಕ್ಕೀತಾ? "ಸರ್, ಒಂದೇ ಉದ್ದ ಅಂತ ಸರಿಯಾಗಿ ಅಳೆದು ನೋಡಿದ್ದಾರಾ?" ಎಂದು ಕೇಳಿಬಿಟ್ಟೆ. ನಾಲ್ವರೂ ನಕ್ಕರು. ಒಳ್ಳೆಯ ನಗುವೇ, ಕುಹಕವಲ್ಲ. ಪಟ್ಟಿಯಲ್ಲಿ ಹೆಸರು ಬರಲಿಲ್ಲ.

ಅಲ್ಲಿಗೆ ಮೊದಲ ಸಲದ ತೀರ್ಮಾನ ನನ್ನದಲ್ಲ, ಅವರದ್ದು. ಎರಡು ವರ್ಷದ ಎಂಎಸ್ಸಿಗೆ ಮೈಸೂರಿಗೆ ಹೋದೆ.

ಹಾಸ್ಟೆಲಿನಲ್ಲಿ ರೂಮ್‌ಮೇಟ್ ಸಿಕ್ಕಳು, ಶಿರಸಿ ಕಡೆಯವಳು. ಇಂಟರ್‌ವ್ಯೂ ಕಥೆಯನ್ನು ತಮಾಷೆಗೆ ಎಂದು ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ಊಟಕ್ಕೆ ಹೋಗುವಾಗ ತನ್ನ ಕೈ ನೋಡಿಕೊಂಡಳು. ಆಮೇಲೆ ಹದಿನೈದು ದಿನ ನನಗೆ ನೆಮ್ಮದಿ ಇಲ್ಲ. ರಾತ್ರಿ ಲೈಟ್ ಆರಿಸಿದ ಮೇಲೆ, "ಮಗುವಿನ ಕಾಲು ಮುರಿದು ಕೂಡಿದ ಮೇಲೆ ಎರಡೂ ಮತ್ತೆ ಒಂದೇ ಸಮ ಆಗ್ತದಾ?" ಎಂದು ಕತ್ತಲೆಯಲ್ಲಿ ಕೇಳುವಳು. ಕೊನೆಗೊಂದು ದಿನ ಲೈಬ್ರರಿಯಿಂದ ಓಡಿ ಬಂದಳು. 2012ರಲ್ಲಿ ಬಂದ ಕೆಲಸವಂತೆ, ಅದೂ ನಮ್ಮ ನೊಣದ ಮೇಲೆಯೇ. ನೊಣದ ಮರಿಹುಳುವಿನೊಳಗೆ ಮುಂದೆ ರೆಕ್ಕೆ ಆಗಬೇಕಾದ ಅಂಗಾಂಶ ಪುಟ್ಟ ಬಿಲ್ಲೆಯ ಹಾಗಿರುತ್ತದೆ. ಆ ಬಿಲ್ಲೆಗೆ ಪೆಟ್ಟಾದರೆ ಅದು ಡಿಲ್ಪ್8 ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದರಿಂದ ಎಕ್ಡೈಸೋನ್ ಹಾರ್ಮೋನ್ ಬರುವುದು ತಡವಾಗುತ್ತದೆ, ಹುಳು ಕೋಶ ಕಟ್ಟುವುದೂ ತಡ. ಪೆಟ್ಟು ತಿಂದ ಭಾಗ ಚೇತರಿಸಿಕೊಳ್ಳುವವರೆಗೆ ಮೈಯೆಲ್ಲ ಕಾಯುತ್ತದೆ. ಡಿಲ್ಪ್8 ಇಲ್ಲದ ನೊಣಗಳಲ್ಲಿ ಎಡ ಬಲ ರೆಕ್ಕೆಗಳ ಅಳತೆ ಜಾಸ್ತಿ ಹೆಚ್ಚುಕಮ್ಮಿ ಆಗುತ್ತದೆ.

ಅವಳ ಕಣ್ಣಲ್ಲಿ ನೀರಿತ್ತು. ನಾನು ಕೇಳಿದ್ದು ಒಂದೇ: "ರೆಕ್ಕೆ ಹೇಗೆ ಅಳೆದ್ರಂತೆ?"

ಇಷ್ಟು ಸ್ಪಷ್ಟವಾಗಿ ಎದುರಿಗೆ ನಿಂತಿದ್ದರೂ ನನಗೆ ಅದು ಕಾಣಲು ಇನ್ನೂ ನಾಲ್ಕು ವರ್ಷ ಬೇಕಾಯಿತು.

ಎಂಎಸ್ಸಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ನೊಣದ ಕೆಲಸಕ್ಕೆ ಮೈಸೂರು ಹಳೆಯ ಮನೆ. ಅರ್ಧ ಓದು ಕೊರೊನಾ ತಿಂದಿತು. 2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿದರು. ನಾವು ಊರಿಗೆ ಹೋದೆವು, ನೊಣಗಳು ಎಲ್ಲಿಗೆ ಹೋಗಬೇಕು? ಕೆಲವು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸದಿದ್ದರೆ ತಳಿಯೇ ಹೋಗುತ್ತದೆ. ನಾನು ತಿಪಟೂರಿನ ಅಟ್ಟದ ಮೇಲೆ ಸಿಗ್ನಲ್ ಹುಡುಕುತ್ತಾ ಕ್ಲಾಸ್ ಕೇಳುವಾಗ ತಲೆಯಲ್ಲಿ ಅದೇ. ಯಾರು ಬೇಯಿಸುತ್ತಿದ್ದಾರೋ, ಆಸಿಡ್ ಸರಿಯಾಗಿ ಹಾಕಿದರೋ ಇಲ್ಲವೋ.

2022ರ ಆರಂಭದಲ್ಲಿ ಬೆಂಗಳೂರಿನ ಒಂದು ಲ್ಯಾಬ್‌ಗೆ ಪ್ರಾಜೆಕ್ಟ್ ಕೆಲಸಕ್ಕೆ ಸೇರಿದೆ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಆಗಿರಲಿಲ್ಲ, ಹಾಗಾಗಿ 25,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಎಂಎಸ್ಸಿ ಮಾಡಿ ಮುಂದೇನು ಎಂದು ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದೇ ನಾನು ಹೇಳುತ್ತೇನೆ. ಪಿಎಚ್‌ಡಿ ಮಾಡುತ್ತಿರುವವರ ಪಕ್ಕದ ಬೆಂಚಿನಲ್ಲೇ ಕೂತಿರುತ್ತೀರಿ. ಅವರ ಸೋಮವಾರ ಹೇಗಿರುತ್ತದೆ, ಭಾನುವಾರ ಹೇಗಿರುತ್ತದೆ, ಎರಡೂ ಕಾಣುತ್ತದೆ. ಅವರ ಐದಾರು ವರ್ಷದ ಕಟ್ಟು ಮಾತ್ರ ನಿಮ್ಮ ಮೇಲಿಲ್ಲ.

ಭಾನುವಾರದ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಎರಡು ತಳಿ ಕ್ರಾಸ್ ಮಾಡಬೇಕೆಂದರೆ ಗಂಡು ಸೇರದ ಹೆಣ್ಣು ನೊಣ ಬೇಕು. 25 ಡಿಗ್ರಿಯಲ್ಲಿ ಇಟ್ಟ ಬಾಟಲಿಯಾದರೆ, ಹೆಣ್ಣು ಕೋಶದಿಂದ ಹೊರಬಂದ ಸುಮಾರು 8 ಗಂಟೆಯೊಳಗೆ ಅದನ್ನು ಬೇರೆ ಮಾಡಬೇಕು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ. ನೊಣಕ್ಕೆ ಯುಗಾದಿ ಇಲ್ಲ, ಗೌರಿ ಹಬ್ಬವೂ ಇಲ್ಲ. ನನಗೆ ಇದರಲ್ಲಿ ಬೇಸರವೇ ಆಗುತ್ತಿರಲಿಲ್ಲ. ಲ್ಯಾಬಿನ ಸೀನಿಯರ್‌ಗಳು ಗೊಣಗುತ್ತಾ ಮಾಡುವ ಕೆಲಸವನ್ನು ನಾನು ಹಾಡು ಹೇಳಿಕೊಂಡು ಮಾಡುತ್ತಿದ್ದೆ. ಆದ್ದರಿಂದ "ನೀನು ಹುಟ್ಟಿದ್ದೇ ಪಿಎಚ್‌ಡಿಗೆ" ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ.

ಆ ವರ್ಷ ಮಳೆಗಾಲದಲ್ಲಿ ಬಾಟಲಿಗಳಿಗೆಲ್ಲ ಬೂಷ್ಟು ಹಿಡಿಯಿತು. ಮರಿಹುಳುಗಳು ಸಾಯತೊಡಗಿದವು. ಮೂರು ಜನರ ಪ್ರಯೋಗ ನಿಂತಿತು. ಒಬ್ಬರು ರವೆ ಕೆಟ್ಟಿದೆ ಎಂದರು, ಒಬ್ಬರು ಯೀಸ್ಟ್ ಎಂದರು. ನಾನು ನಾಲ್ಕು ದಿನ ಅಡುಗೆ ಮನೆಯಲ್ಲೇ ಕೂತೆ. ಹೊಸದಾಗಿ ಬಂದ ಸಹಾಯಕ ಬೇಗ ಮನೆಗೆ ಹೋಗಲೆಂದು ಕುದಿಯುವ ಪಾತ್ರೆಗೇ ಪ್ರೊಪಿಯಾನಿಕ್ ಆಸಿಡ್ ಸುರಿಯುತ್ತಿದ್ದ. ಬೂಷ್ಟು ತಡೆಯುವುದೇ ಆ ಆಸಿಡ್. ಬಿಸಿಗೆ ಹಾಕಿದರೆ ಹಬೆಯ ಜೊತೆ ಅದೂ ಹಾರಿಹೋಗುತ್ತದೆ. ಒಂದು ಥರ್ಮಾಮೀಟರ್ ತಂದು ದಾರದಲ್ಲಿ ಕಟ್ಟಿದೆ. 60 ಡಿಗ್ರಿಗೆ ಇಳಿದ ಮೇಲೇ ಆಸಿಡ್ ಎಂದು ಗೋಡೆಗೆ ಕನ್ನಡದಲ್ಲಿ ಬರೆದು ಅಂಟಿಸಿದೆ. ಎರಡು ವಾರದಲ್ಲಿ ಬಾಟಲಿಗಳು ತಿಳಿಯಾದವು.

ಆ ಸಂಜೆ ಆದ ಖುಷಿ ಇದೆಯಲ್ಲ, ನನ್ನ ಪ್ರಾಜೆಕ್ಟಿನ ಗ್ರಾಫ್ ಚೆನ್ನಾಗಿ ಬಂದ ದಿನವೂ ಅಷ್ಟು ಆಗಿರಲಿಲ್ಲ. ವಿಚಿತ್ರ ಅನ್ನಿಸಿತು. ಯಾರಿಗೂ ಹೇಳಲಿಲ್ಲ.

ನೆಟ್ ಎರಡನೇ ಸಲಕ್ಕೆ ಆಯಿತು. ವಿಜ್ಞಾನದವರ ನೆಟ್ ಸಿಎಸ್‌ಐಆರ್ ಹೆಸರಿನದು, ಅದರ ಲೈಫ್ ಸೈನ್ಸಸ್ ಪೇಪರ್ 200 ಅಂಕ, 3 ಗಂಟೆ. ಅದರ ಮೂರನೇ ಭಾಗದಲ್ಲಿ 75 ಪ್ರಶ್ನೆ ಇರುತ್ತದೆ, 25ಕ್ಕೆ ಉತ್ತರಿಸಿದರೆ ಸಾಕು, ಒಂದೊಂದಕ್ಕೆ 4 ಅಂಕ. ಮೊದಲ ಸಲ ನಾನು ಎಲ್ಲವನ್ನೂ ಓದಿ ಆಮೇಲೆ ಆರಿಸೋಣ ಎಂದು ಕೂತೆ. ಓದುವುದರೊಳಗೆ ಟೈಮ್ ಮುಗಿಯಿತು. ಎರಡನೇ ಸಲ ಪರಿಸರ ವಿಜ್ಞಾನ, ಸಸ್ಯ ಶರೀರಶಾಸ್ತ್ರದ ಕಡೆ ತಿರುಗಿಯೂ ನೋಡಲಿಲ್ಲ. 2022ರ ಕೊನೆಗೆ, ಅದೇ ಪರೀಕ್ಷೆಯ ಮೇಲೆ ಕೊಡುವ ಜೆಆರ್‌ಎಫ್ ಬಂತು. ಅಪ್ಪ ಮಂಡಿಯಲ್ಲಿ ಮೈಸೂರುಪಾಕ್ ಹಂಚಿದರು. ಮಗಳು ಡಾಕ್ಟರ್ ಆಗುತ್ತಾಳೆ, ಬೇರೆ ಡಾಕ್ಟರ್ ಎಂದು ವಿವರಿಸಿದರಂತೆ.

ಇಲ್ಲಿಂದ ನಿಜವಾದ ಪೀಕಲಾಟ. ಜೆಆರ್‌ಎಫ್ ಪತ್ರಕ್ಕೆ ಅವಧಿ ಇರುತ್ತದೆ. ಅದರೊಳಗೆ ಎಲ್ಲಾದರೂ ಪಿಎಚ್‌ಡಿಗೆ ಸೇರಬೇಕು, ಇಲ್ಲದಿದ್ದರೆ ಅದು ಬರೀ ಕಾಗದ. ಲೆಕ್ಚರರ್ ಆಗುವ ಅರ್ಹತೆ ಮಾತ್ರ ಜೀವನಪೂರ್ತಿ ಉಳಿಯುತ್ತದೆ.

ದುಡ್ಡಿನ ಲೆಕ್ಕ ಮೊದಲು ಹಾಕಿದೆ. ಇದರಲ್ಲಿ ಜನ ತಪ್ಪು ತಿಳಿದಿರುವುದೇ ಜಾಸ್ತಿ. ಪಿಎಚ್‌ಡಿ ಎಂದರೆ ಬಡತನ, ಮಾಸ್ಟರ್ಸ್ ಮುಗಿಸಿ ಕೆಲಸಕ್ಕೆ ಸೇರಿದರೆ ಸಂಪಾದನೆ ಎಂದು ಅಮ್ಮನ ಕಡೆಯವರೆಲ್ಲ ಹೇಳಿದರು. ಆಗ ನನ್ನ ಕೈಯಲ್ಲಿ ಬೊಮ್ಮಸಂದ್ರ ಕಡೆಯ ಒಂದು ಕಂಪನಿಯ ಆಫರ್ ಇತ್ತು. ವರ್ಷಕ್ಕೆ 3.6 ಲಕ್ಷ, ಅಂದರೆ ತಿಂಗಳಿಗೆ 30,000. ಜೆಆರ್‌ಎಫ್ 31,000 ಇತ್ತು. 2023ರ ಜೂನ್‌ನಲ್ಲಿ ಅದನ್ನು 37,000ಕ್ಕೆ ಏರಿಸಿದರು, ಅದೂ ಜನವರಿಯಿಂದಲೇ ಲೆಕ್ಕ. ಎರಡು ವರ್ಷದ ಮೇಲೆ ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್ ಆದರೆ 42,000. ಬಾಡಿಗೆ ಭತ್ಯೆ ಬೇರೆ, ತೆರಿಗೆ ಇಲ್ಲ. ಮೊದಲ ಕೆಲವು ವರ್ಷಕ್ಕೆ ಪಿಎಚ್‌ಡಿಯೇ ಲಾಭ!

ಆದರೆ ಕಾಗದದ ಮೇಲಿನ ದುಡ್ಡು ಬೇರೆ, ಬ್ಯಾಂಕಿಗೆ ಬರುವುದು ಬೇರೆ. ನಮ್ಮ ಪಕ್ಕದ ಲ್ಯಾಬಿನ ಹುಡುಗನಿಗೆ ಐದು ತಿಂಗಳು ಫೆಲೋಶಿಪ್ ಬಂದಿರಲಿಲ್ಲ. ಇನ್ನೊಂದು, ಜೆಆರ್‌ಎಫ್ ಎಸ್‌ಆರ್‌ಎಫ್ ಸೇರಿ ಐದೇ ವರ್ಷ. ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಜೀವ ಇರುವುದರ ಮೇಲೆ ಕೆಲಸ ಮಾಡುವವರು ಮೂರರಲ್ಲಿ ಮುಗಿಸಿದ್ದನ್ನು ನಾನಂತೂ ನೋಡಿಲ್ಲ. ಆರನೇ ವರ್ಷ ದುಡ್ಡು ಎಲ್ಲಿಂದ ಎಂಬುದು ಗೈಡ್‌ನ ಗ್ರಾಂಟ್ ಮೇಲೆ ನಿಂತಿದೆ. ಹಾಗಾಗಿ ಲ್ಯಾಬ್ ನೋಡಲು ಹೋದಾಗ ನಾನು ಎರಡೇ ಪ್ರಶ್ನೆ ಇಟ್ಟುಕೊಂಡಿದ್ದೆ. ನಿಮ್ಮಲ್ಲಿ ಕೊನೆಗೆ ಮುಗಿಸಿದವರಿಗೆ ಎಷ್ಟು ವರ್ಷ ಹಿಡಿಯಿತು? ಈಗ ಅವರು ಎಲ್ಲಿದ್ದಾರೆ? ಇದನ್ನು ಗೈಡ್‌ಗೆ ಕೇಳಬಾರದು, ಅಲ್ಲಿನ ವಿದ್ಯಾರ್ಥಿಗಳಿಗೆ ಕೇಳಬೇಕು. ಅದೂ ಲ್ಯಾಬಿನಲ್ಲಿ ಅಲ್ಲ, ಹೊರಗೆ ಟೀ ಅಂಗಡಿಯಲ್ಲಿ.

ಹೊರದೇಶವನ್ನೂ ಒಂದು ತಿಂಗಳು ಯೋಚಿಸಿದೆ. ಅಮೆರಿಕದಲ್ಲಿ ಬಯಾಲಜಿ ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸೂ ಅವರದೇ, ಸ್ಟೈಪೆಂಡೂ ಅವರದೇ. ಮಾಸ್ಟರ್ಸ್‌ಗೆ ಹೋದರೆ ಮನೆ ಅಡ ಇಡಬೇಕು. ಸಣ್ಣ ಡಿಗ್ರಿಗೆ ದೊಡ್ಡ ಸಾಲ! ನಮ್ಮೂರಲ್ಲಿ ಇದನ್ನು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಜರ್ಮನಿಯಲ್ಲಿ ಪಿಎಚ್‌ಡಿಗೆ ಮೊದಲು ಮಾಸ್ಟರ್ಸ್ ಬೇಕು, ಅದು ನನ್ನಲ್ಲಿತ್ತು. ಇನ್ನೊಂದು ಮಾಸ್ಟರ್ಸ್‌ಗೆ ಹೋಗೋಣವೆಂದರೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಫೀಸಿಲ್ಲ. ಆದರೆ ವೀಸಾಕ್ಕೆ, ಅಲ್ಲಿನ ಖರ್ಚಿಗೆಂದು ಮೊದಲೇ ದುಡ್ಡು ಇಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ಆಗ 11,208 ಯೂರೊ ತೋರಿಸಬೇಕಿತ್ತು. ಹತ್ತು ಲಕ್ಷ ರೂಪಾಯಿ. ಅಪ್ಪನಿಗೆ ಹೇಳಲೇ ಇಲ್ಲ.

ಉಳಿದದ್ದು ಇಲ್ಲಿನ ಪಿಎಚ್‌ಡಿ. ಅರ್ಜಿಗೆ ಒಂದು ಪುಟ ಬರೆಯಬೇಕು: ಏನು ಕೆಲಸ ಮಾಡಲು ಇಷ್ಟ, ಯಾಕೆ. ನಾಲ್ಕು ಸಲ ಬರೆದೆ. ನಮ್ಮ ಲ್ಯಾಬಿನ ಮೇಡಂ ನಾಲ್ಕನ್ನೂ ಓದಿದರು. ಪೆನ್ಸಿಲ್ ತೆಗೆದುಕೊಂಡು ಕೆಲವು ಸಾಲುಗಳ ಕೆಳಗೆ ಗೆರೆ ಎಳೆದು ನನಗೇ ವಾಪಸ್ ಕೊಟ್ಟರು. ನೋಡಿದರೆ ಗೆರೆ ಎಳೆದದ್ದೆಲ್ಲ ವಿಧಾನಗಳು. ಡಿಸೆಕ್ಷನ್, ಸ್ಟೇನಿಂಗ್, ಕಾನ್‌ಫೋಕಲ್ ಎಂಬ ಲೇಸರ್ ಮೈಕ್ರೋಸ್ಕೋಪ್, ಬೂಷ್ಟಿನ ಕಥೆ. "ಇಷ್ಟೆಲ್ಲ ಬರುತ್ತೆ, ಸರಿ. ಏನು ಗೊತ್ತಾಗಬೇಕು ನಿನಗೆ?" ಎಂದರು.

ಎರಡು ದಿನ ಕೊಡಿ ಮೇಡಂ ಎಂದೆ. ಪಿಜಿಯಲ್ಲಿ ಖಾಲಿ ಹಾಳೆ ಇಟ್ಟುಕೊಂಡು ಕೂತೆ. ಬಂದ ಪ್ರಶ್ನೆಗಳೆಲ್ಲ ಎಲ್ಲೋ ಓದಿದ್ದು. ಯಾವುದೂ ನಿದ್ದೆ ಕೆಡಿಸುವಂಥದ್ದಲ್ಲ. ನಿದ್ದೆ ಕೆಡಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಅಂಥ ಒಬ್ಬಳ ಜೊತೆ ಒಂದೇ ರೂಮಿನಲ್ಲಿ ಇದ್ದೆನಲ್ಲ. ಅವಳ ಕೈಗೆ ನೊಣ ಕೊಟ್ಟರೆ ಅರ್ಧ ಹಾರಿಹೋಗುತ್ತಿದ್ದವು. ಪ್ರಯೋಗದ ಜೆಲ್ ಕಿತ್ತುಹೋಗುತ್ತಿತ್ತು. ಲೇಬಲ್ ಹಚ್ಚಲು ಮರೆಯುತ್ತಿದ್ದಳು. ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ನನಗೇ ಜಾಸ್ತಿ ಅಂಕ. ಆದರೆ ಲೈಟ್ ಆರಿದ ಮೇಲೂ ಪ್ರಶ್ನೆ ಕೇಳುತ್ತಿದ್ದವಳು ಅವಳು. ಅವಳು ಆಗಲೇ ಪಿಎಚ್‌ಡಿ ಸೇರಿ ಒಂದು ವರ್ಷವಾಗಿತ್ತು.

ನನ್ನ ಕೈ ಚುರುಕು ನೋಡಿ ಎಲ್ಲರೂ ಪಿಎಚ್‌ಡಿ ಎಂದಿದ್ದರು. ಪಿಎಚ್‌ಡಿಗೆ ಕೈ ಬೇಕು, ನಿಜ. ಕೈ ಕೆಲಸ ಕಲಿಯಬಹುದು. ಐದಾರು ವರ್ಷ ಒಂದೇ ಪ್ರಶ್ನೆ ಹಿಡಿದುಕೊಂಡು, ಅದು ಉತ್ತರ ಕೊಡದಿದ್ದರೂ ಬಿಡದೆ ಇರುವುದನ್ನು ಕಲಿಸಲು ಆಗುತ್ತದೆಯೋ ಇಲ್ಲವೋ, ನನಗೆ ಅನುಮಾನ. ನಾನು ಕೆಟ್ಟದ್ದನ್ನು ರಿಪೇರಿ ಮಾಡುವವಳು. ರಿಪೇರಿ ಆದ ಮೇಲೆ ನನ್ನ ಕುತೂಹಲ ಮುಗಿಯುತ್ತದೆ.

ಅಪ್ಪನಿಗೆ ಹೇಳಲು ತಿಪಟೂರಿಗೆ ಹೋದೆ. ಅಟ್ಟದ ಮೇಲೆ ಕಾಯಿ ಹರವಿದ್ದರು. ಬಲಿತ ತೆಂಗಿನಕಾಯಿಯನ್ನು ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಬಿಟ್ಟರೆ ಒಳಗೆ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಅಪ್ಪ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಗುಡುಗುಡು ಸದ್ದು ಬರುತ್ತದೆ. ನಾನು ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೈಸೂರುಪಾಕ್ ಹಂಚಿಬಿಟ್ನಲ್ಲಮ್ಮ" ಎಂದರು. ಆಮೇಲೆ ಇನ್ನೊಂದು ಕಾಯಿ ಎತ್ತಿಕೊಂಡರು. ಅವರಿಗೆ ಬೇಜಾರಾಗಿತ್ತು. ಈಗಲೂ ಸ್ವಲ್ಪ ಇದೆ.

ಅಮ್ಮ ಕೇಳಿದ್ದು ಬೇರೆ. "ಹಂಗಾದ್ರೆ ಲೆಕ್ಚರರ್ ಆಗಲ್ವೇನೇ?" ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ರಾಜ್ಯದ ಅಂಥದ್ದೇ ಪರೀಕ್ಷೆ ಕೆಸೆಟ್ ಇದ್ದರೆ ಸಾಕು, ಪಿಎಚ್‌ಡಿ ಕಡ್ಡಾಯವಲ್ಲ ಎಂದು 2023ರಲ್ಲೇ ಯುಜಿಸಿ ಹೇಳಿದೆ. ಆ ಬಾಗಿಲು ಮುಚ್ಚಿಲ್ಲ ಎಂದು ಸಮಾಧಾನ ಮಾಡಿದೆ. ಅಮ್ಮನಿಗೆ ಅಷ್ಟು ಸಾಕಾಯಿತು.

ಕಂಪನಿಗೂ ಹೋಗಲಿಲ್ಲ. ಒಂದು ಸಂಶೋಧನಾ ಸಂಸ್ಥೆಯ ಮೈಕ್ರೋಸ್ಕೋಪ್ ವಿಭಾಗದಲ್ಲಿ ಜಾಗ ಖಾಲಿಯಿತ್ತು, ಮಾಸ್ಟರ್ಸ್ ಸಾಕು ಎಂದಿದ್ದರು. ಕಾನ್‌ಫೋಕಲ್ ನೋಡಿಕೊಳ್ಳುವುದು, ಬಂದವರಿಗೆ ಕಲಿಸುವುದು, ಕೆಟ್ಟರೆ ಇಂಜಿನಿಯರ್ ಬರುವ ಮೊದಲು ಏನಾಗಿದೆ ಎಂದು ಹುಡುಕುವುದು. ಓದಿದ ತಕ್ಷಣ ಇದು ನನ್ನದೇ ಅನ್ನಿಸಿತು. ಎರಡು ವರ್ಷ ದಾಟಿತು, ಈಗಲೂ ಬೆಳಿಗ್ಗೆ ಲೇಸರ್ ಆನ್ ಮಾಡುವಾಗ ಖುಷಿಯಾಗುತ್ತದೆ.

ಹಾಗೆಂದು ಎಲ್ಲ ಸಲೀಸಾಗಿಲ್ಲ. ಕೆಲಸ ಕಾಂಟ್ರಾಕ್ಟ್, ವರ್ಷಕ್ಕೊಮ್ಮೆ ಎದೆ ಢವಢವ. ನಾನು ಕಲಿಸುವ ಪಿಎಚ್‌ಡಿ ಹುಡುಗರಲ್ಲಿ ಕೆಲವರಿಗೆ ನನಗಿಂತ ಜಾಸ್ತಿ ಬರುತ್ತದೆ. ಮೀಟಿಂಗ್‌ನಲ್ಲಿ ಹೆಸರಿನ ಹಿಂದೆ ಡಾ. ಇಲ್ಲದವರ ಮಾತನ್ನು ಎರಡನೇ ಸಲ ಹೇಳಿದ ಮೇಲೆ ಕೇಳುತ್ತಾರೆ. ನಾನು ಹಿಡಿದ ಫೋಟೊ ಪೇಪರಿನಲ್ಲಿ ಬಂದು, ನನ್ನ ಹೆಸರು ಕೊನೆಯ ಧನ್ಯವಾದದ ಸಾಲಿನಲ್ಲಿ ಬಂದದ್ದೂ ಇದೆ. ಆ ದಿನ ಮಾತ್ರ ಜೆಆರ್‌ಎಫ್ ಪತ್ರವನ್ನು ಫೈಲಿನಿಂದ ತೆಗೆದು ನೋಡಿದೆ. ಅವಧಿ ಮುಗಿದು ಬಹಳ ದಿನವಾಗಿತ್ತು.

ನನ್ನ ರೂಮ್‌ಮೇಟ್ ಈಗ ನಮ್ಮಲ್ಲಿಗೇ ಸ್ಲಾಟ್ ಹಾಕಿಕೊಂಡು ಬರುತ್ತಾಳೆ, ಅದೂ ರಾತ್ರಿ. ಅವಳದ್ದು ರೆಕ್ಕೆಯ ಬೆಳವಣಿಗೆಯೇ ವಿಷಯ. ಮೂರು ವರ್ಷ ಕಳೆದಿದೆ. ಮೊದಲ ವರ್ಷದ ಊಹೆ ತಪ್ಪಾಯಿತಂತೆ, ಎರಡನೆಯದು ಕುಂಟುತ್ತಿದೆಯಂತೆ. ಹೇಳುವಾಗ ಮುಖದಲ್ಲಿ ಬೇಸರಕ್ಕಿಂತ ಹಟವೇ ಜಾಸ್ತಿ. ಹೋದ ವಾರ ಪರದೆಯ ಮೇಲೆ ಹಸಿರು ಬಿಲ್ಲೆಯೊಂದನ್ನು ದೊಡ್ಡದು ಮಾಡಿ ಹತ್ತು ನಿಮಿಷ ನೋಡಿದಳು.

"ಈ ಅಂಚಿನಲ್ಲಿ ಮಾತ್ರ ಯಾಕೆ ಹೀಗೆ ಹೊಳೀತಾ ಇದೆ ಮಾರಾಯ್ತಿ?"

"ಅದು ನನಗೆ ಗೊತ್ತಿಲ್ಲ ಕಣೇ. ಹೋಗುವಾಗ 63ಎಕ್ಸ್ ಲೆನ್ಸಿನ ಎಣ್ಣೆ ಒರೆಸಿ ಹೋಗು. ಹೋದ ಸಲವೂ ಹಾಗೇ ಬಿಟ್ಟಿದ್ದೆ."